ಟವರಮ್ಮನ ಹಸಿರು ದೀಪ

ಔಷಧಿ ತರುವ ಪುಟ್ಟ ವಿಮಾನದ ಪೈಲಟ್ ಅಂದು ಮಾತೇ ಆಡಲಿಲ್ಲ. ಕಂಟ್ರೋಲ್ ಟವರಿನಲ್ಲಿ ಒಬ್ಬಳೇ ಕುಳಿತಿದ್ದ ಟವರಮ್ಮ ಮತ್ತೆ ಮತ್ತೆ ಕರೆದಳು. ರೇಡಿಯೋದಲ್ಲಿ ಬರಿಯ ಕರಕರ ಸದ್ದು.

ಮುನಿಸಿರಬೇಕು ಎಂದುಕೊಂಡಳು. ನಿನ್ನೆ ಟವರಿನ ಮೆಟ್ಟಿಲ ಬಳಿ ಅವನು, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದ. ಗಂಡ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಕೊಟ್ಟದ್ದನ್ನು ದೇವರು ಹಿಂದಕ್ಕೆ ಪಡೆದಿದ್ದ; ಮತ್ತೆ ಕೈಯೊಡ್ಡಲು ಅವಳಿಗೆ ಭಯ.

"ಸದ್ಯಕ್ಕೆ ಏನೂ ಕೇಳಬೇಡಿ," ಎಂದಿದ್ದಳು.

"ಹಾಗಾದ್ರೆ ಕೆಂಪು ದೀಪ. ಸುತ್ತುತ್ತಾ ಇರ್ತೀನಿ ಬಿಡಿ," ಎಂದು ಅವನು ನಕ್ಕಿದ್ದ. ಕಣ್ಣು ಮಾತ್ರ ನಕ್ಕಿರಲಿಲ್ಲ.

ಅಷ್ಟರಲ್ಲಿ ವಿಮಾನ ಮೈದಾನದ ಮೇಲೆ ಬಂದೇಬಿಟ್ಟಿತು. ಹೇಳದೆ ಕೇಳದೆ ಬರುವವನಲ್ಲ ಅವನು. ರೇಡಿಯೋ ಕೆಟ್ಟಿದೆ! ಅವಳು ಕೆಳಗೆ ನೋಡಿದಳು. ರನ್‌ವೇ ಮೇಲೆ ಪೈಲಟ್ ಶಾಲೆಯ ಮೇಷ್ಟ್ರ ವಿಮಾನ ಇನ್ನೂ ನಿಂತಿತ್ತು.

"ಕೇಳಿಸ್ತಿದ್ರೆ ರೆಕ್ಕೆ ಅಲುಗಿಸಿ," ಎಂದಳು. ಅಲುಗಲಿಲ್ಲ.

ಇಂಥ ಹೊತ್ತಿಗೆಂದೇ ಇಟ್ಟಿದ್ದ ದೊಡ್ಡ ದೀಪವನ್ನೆತ್ತಿ ಕೆಂಪು ತೋರಿಸಿದಳು: ಇಳಿಯಬೇಡ, ಸುತ್ತುತ್ತಿರು. ಕಂಡೆ ಎನ್ನುವಂತೆ ರೆಕ್ಕೆಗಳು ಎಡಕ್ಕೂ ಬಲಕ್ಕೂ ವಾಲಿದವು.

ಮೋಡ ಕವಿಯತೊಡಗಿತು. ಕೇಳಿಸದವನ ಮುಂದೆ ಅವಳ ನಾಲಿಗೆ ಸಡಿಲವಾಯಿತು. ಮೈಕಿನ ಗುಂಡಿ ಒತ್ತಿ, "ಕ್ಷೇಮವಾಗಿ ಇಳಿದು ಬನ್ನಿ. ದೇವರೇ, ಇವರೊಬ್ಬರನ್ನಾದ್ರೂ ನನಗೆ ಬಿಡಪ್ಪ. ನನಗೂ ನೀವು ಬೇಕು ಕಣ್ರೀ. ಒಬ್ಬಳೇ ಉಂಡು ಉಂಡು ಸಾಕಾಗಿದೆ," ಎಂದಳು.

"ಟವರಮ್ಮ," ರೇಡಿಯೋದಲ್ಲಿ ಮೇಷ್ಟ್ರ ದನಿ, "ಅವನಿಗೆ ಕೇಳಿಸಿಲ್ಲ. ನಮಗೆಲ್ಲ ಚೆನ್ನಾಗಿ ಕೇಳಿಸ್ತು. ರನ್‌ವೇ ಬಿಟ್ಟಿದೀನಿ, ಇಳಿಸ್ಕೊ ತಾಯಿ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಆದರೂ ದೀಪವೆತ್ತಿ ಹಸಿರು ತೋರಿಸಿದಳು. ರೆಕ್ಕೆಗಳು ಮತ್ತೆ ತೂಗಿದವು. ಗಾಲಿ ನೆಲ ಮುಟ್ಟಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

ಅವನು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಕೆಳಗೆ ಎಲ್ರೂ ನನ್ನ ನೋಡಿ ನಗ್ತಿದಾರೆ. ಯಾಕ್ರೀ?"

"ಮೇಷ್ಟ್ರು ಏನೂ ಹೇಳ್ಲಿಲ್ವಾ?"

"'ಮೇಲೆ ಹೋಗಿ ಕೇಳು' ಅಂದ್ರು."

ಇಷ್ಟು ವರ್ಷ ಗೋಡೆಗಳ ಜೊತೆ ಬಾಳಿದವಳಿಗೆ ಆ ಮಾತು ಎರಡನೆಯ ಸಲ ಬಾಯಿಗೆ ಬರಲಿಲ್ಲ. ದೀಪವನ್ನು ಎತ್ತಿಕೊಂಡು ಅವನ ಎದೆಗೆ ಗುರಿ ಹಿಡಿದಳು. ಬಿಳಿಯ ಅಂಗಿಯ ಮೇಲೆ ಹಸಿರು ಬೆಳಕು ನಿಂತಿತು.

ಅವನು ಅಂಗಿಯನ್ನು ನೋಡಿಕೊಂಡ. ಒದ್ದೆಯಾದ ಅವಳ ಕಣ್ಣುಗಳನ್ನು ನೋಡಿದ. ಆಮೇಲೆ ಎರಡೂ ತೋಳು ಅಗಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲನೆ ವಾಲಿದ.