ಐದೂ ಐದೂ ಹತ್ತಾಗದ ಮರದ ಪಟ್ಟಿಗಳು

"ನನ್ನ ಮಗಳಿಗೆ ಇವನ್ನ ಕೊಟ್ಟಿದ್ದು ನೀವೇನಾ?"

ಬಣ್ಣ ಬಳಿದ ಮರದ ಪಟ್ಟಿಗಳು ಗಾಜಿನ ಮೇಜಿನ ಮೇಲೆ ದಡದಡ ಬಿದ್ದವು. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ತಲೆಯೆತ್ತಿದ. ಎದುರಿಗೆ ಪಕ್ಕದ ಅಂಗಡಿಯ ಟೈಲರಮ್ಮ... ಕುತ್ತಿಗೆಯಲ್ಲಿ ಟೇಪು, ಕಣ್ಣಲ್ಲಿ ಕೆಂಡ!

"ಹೌದು... ಲೆಕ್ಕ ಕಲಿಯೋಕೆ ಅಂತ... ಅಂಕಿ ಎಷ್ಟೋ ಪಟ್ಟಿ ಅಷ್ಟುದ್ದ..."

"ನಾನು ಕೇಳಿದ್ನಾ?"

ಅವಳ ಬೆನ್ನ ಹಿಂದಿನಿಂದ ಎಂಟು ವರ್ಷದ ಚಿಣ್ಣಿ ಇಣುಕಿದಳು. ಪದ್ಯವೆಲ್ಲ ಬಾಯಿಪಾಠ, ಅಂಕಿ ಕಂಡರೆ ಮಾತ್ರ ಆ ಮುಖ ಬಾಡುತ್ತಿತ್ತು. ನಾಳೆ ಟೀಚರ್ ಕೂಡಿಸುವ ಲೆಕ್ಕ ಕೇಳುತ್ತಾರೆ. ಬರದಿದ್ದರೆ ಪುಟಾಣಿಗಳ ತರಗತಿಗೆ ವಾಪಸ್.

ಗಂಡ ಬಿಟ್ಟುಹೋದ ಮೇಲೆ ಬಿಟ್ಟಿ ಸಹಾಯಕ್ಕೆ ಬಂದವರನ್ನೆಲ್ಲ ಅವಳು ನೋಡಿದ್ದಳು. 'ಮೊದಲು ಮಗುವಿಗೆ ಚಾಕೊಲೇಟು, ಆಮೇಲೆ ಅಮ್ಮನ ಮೇಲೆ ಕಣ್ಣು. ಇವನದು ಮರದ ಪಟ್ಟಿ, ಅಷ್ಟೇ ವ್ಯತ್ಯಾಸ!'

ಸಾಲದ್ದಕ್ಕೆ ಇವನದೊಂದು ವಿಚಿತ್ರ. ವಾಚು ಯಾವತ್ತು ಸಿಗುತ್ತೆ ಎಂದು ಗಿರಾಕಿ ಕೇಳಿದರೆ ಸಾಕು, ಎಡಗೈ ಮೇಜಿನ ಕೆಳಗೆ ಮಾಯ. ಉತ್ತರ ಬರುವುದು ಆಮೇಲೆ! ಎಷ್ಟೋ ಸಲ ಗಮನಿಸಿದ್ದಳು. ಏನು ಮುಚ್ಚಿಡುತ್ತಾನೆ?

"ಬೆಳಿಗ್ಗೆಯಿಂದ ಒಂದೇ ಹಟ ರೀ. ಐದೂ ಐದೂ ಹತ್ತಲ್ವಂತೆ! ಬರ್ತಿದ್ದ ಅಷ್ಟಿಷ್ಟನ್ನೂ ಕೆಡಿಸಿಟ್ರಿ."

"ಅಲ್ಲಮ್ಮಾ, ಇಲ್ನೋಡು..." ಚಿಣ್ಣಿ ಐದರ ಕೆಂಪು ಪಟ್ಟಿ ಎರಡನ್ನು ಒಂದರ ಮುಂದೊಂದಿಟ್ಟು, ಪಕ್ಕದಲ್ಲಿ ಹತ್ತರ ನೀಲಿ ಪಟ್ಟಿ ಇಟ್ಟಳು. "ತುದಿ ಮುಟ್ಟಲ್ಲ."

"ಸರಿಯಾಗಿ ಜೋಡಿಸೇ!"

ಜೋಡಿಸಿದಳು. ಮುಟ್ಟಲಿಲ್ಲ.

ಟೈಲರಮ್ಮ ಟೇಪು ಎಳೆದು ಅಳೆದಳು. ಇನ್ನೊಮ್ಮೆ ಅಳೆದಳು.

"ಇವನ್ನ ಹೇಗ್ರೀ ಕುಯ್ದ್ರಿ?"

"ಉದ್ದದ ಪಟ್ಟಿ ಮೇಲೆ ಒಂದೇ ಸಲ ಎಲ್ಲ ಗೆರೆ ಹಾಕ್ಕೊಂಡೆ. ಗೆರೆ ಮೇಲೇ ಗರಗಸ ಎಳೆದೆ."

"ಗರಗಸ ತಿನ್ನೋದಕ್ಕೆ ಜಾಗಾನೇ ಬಿಡ್ಲಿಲ್ವಾ? ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸಿದ ಹಾಗಾಯ್ತು! ಒಂದೊಂದೂ ಉಗುರಿನ ದಪ್ಪದಷ್ಟು ಗಿಡ್ಡ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸೋ ಕೈ ಬೇರೆ!"

"ಮರದ ಕೆಲಸ ಇದೇ ಮೊದಲು..." ಅವನು ತಲೆ ತಗ್ಗಿಸಿದ.

"ಅಮ್ಮಾ, ಹಾಗಾದ್ರೆ ನಾನು ಪೆದ್ದಿ ಅಲ್ವಾ?"

ಟೈಲರಮ್ಮ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ಬೆಳಿಗ್ಗೆಯಿಂದ ಎಷ್ಟು ಬೈದಿದ್ದಳು!

"ಅಲ್ಲ ಕಣೇ... ನಮ್ಮಿಬ್ಬರ ಕಣ್ಣಿಗೂ ಬೀಳದ್ದು ನಿನಗೆ ಕಂಡಿದೆ."

ತನ್ನ ಅಂಗಡಿಗೆ ಓಡಿ ರಟ್ಟು, ಕತ್ತರಿ ತಂದಳು. ಅವಳು ಅಳೆದು ಕತ್ತರಿಸಿದಳು, ಅವನು ಬಣ್ಣ ಬಳಿದ. ಈ ಸಲ ತುದಿಗಳು ಮುಟ್ಟಿದವು. ಚಿಣ್ಣಿ ಏಳರ ಪಟ್ಟಿ ಎತ್ತಿಕೊಂಡು ತಾನೇ ಹುಡುಕಿ ಹುಡುಕಿ ಹೇಳಿದಳು, "ಇದು ಹತ್ತಾಗೋಕೆ ಮೂರು ಬೇಕು!"

ಮರುದಿನ ಮಧ್ಯಾಹ್ನ ಟೈಲರಮ್ಮ ಮತ್ತೆ ಅದೇ ಮೇಜಿನ ಮುಂದೆ ನಿಂತಳು.

"ಅದೇ ತರಗತೀಲಿ ಉಳಿದ್ಲು. ಪಟ್ಟಿ ಇಟ್ಕೊಂಡೇ ಮಾಡು ಅಂದ್ರಂತೆ ಟೀಚರ್."

ಅವನ ಮುಖ ಅರಳಿತು. ಅವಳ ಅನುಮಾನ ಮಾತ್ರ ಪೂರ್ತಿ ಹೋಗಿರಲಿಲ್ಲ.

"ಒಂದು ಕೇಳ್ತೀನಿ, ಸುಳ್ಳು ಹೇಳಬಾರದು. ಆ ಕೈ ಯಾಕೆ ಮೇಜಿನ ಕೆಳಗೆ ಹೋಗುತ್ತೆ?"

ಅವನು ಕೆಂಪಾದ. "ಎಣಿಸೋಕೆ... ನಾನೂ ಚಿಣ್ಣಿ ಥರಾನೇ ರೀ. ಅಂಕಿ ತಲೇಲಿ ನಿಲ್ಲಲ್ಲ. ಜನ ನಗ್ತಾರೆ ಅಂತ ಬೆರಳು ಮುಚ್ಕೊಂಡೇ ಬೆಳೆದೆ. ಅವಳಿಗೆ ಹಾಗಾಗಬಾರ್ದು ಅನ್ನಿಸ್ತು."

ಇದನ್ನೇ ಅಲ್ಲವೇ ತಾನು ಕಪಟ ಅಂದುಕೊಂಡಿದ್ದು! ಅವಳ ಕಣ್ಣು ತುಂಬಿತು.

"ಅವಳಿಗೋಸ್ಕರ ಮಾತ್ರಾನಾ?"

ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಟಿಕ್ ಟಿಕ್...

"...ಅಲ್ಲ."

"ಎಷ್ಟು ತಿಂಗಳಿಂದ ಈ ಮನಸ್ಸು?"

ಅಭ್ಯಾಸಬಲ... ಎಡಗೈ ಕೆಳಗೆ ಜಾರತೊಡಗಿತು.

"ಮೇಲಿಡಿ. ನನ್ನ ಮುಂದೆ ಯಾಕೆ ನಾಚಿಕೆ?"

ಅವನು ಎರಡೂ ಕೈ ಗಾಜಿನ ಮೇಲಿಟ್ಟು ಒಂದೊಂದೇ ಬೆರಳು ಮಡಚಿದ. ಹತ್ತೂ ಮುಗಿದವು.

"ಬೆರಳು ಸಾಲ್ತಿಲ್ಲ ರೀ..."

ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ತನ್ನ ಕೈಯನ್ನು ಅವಳು ಪಕ್ಕದಲ್ಲಿಟ್ಟಳು.

"ಇವೂ ಇವೆಯಲ್ಲಾ... ಎಣಿಸಿ."