ಮೂಸುಹುಲಿಯ ಊಟ

ಇದು ನಡೆದದ್ದು ಮುದಿರಾಜ ತೀರಿಕೊಂಡು ಅವನ ಮಗ ಪಟ್ಟಕ್ಕೆ ಬಂದ ಮರುವರ್ಷದ ಬೇಸಿಗೆಯಲ್ಲಿ. ಆಗ ಬೆಟ್ಟಗಳು ಇನ್ನೂ ಮಾತಾಡುತ್ತಿದ್ದವು. ಮಾಟಗಾರರಿಗೆ ಅರಮನೆಯಲ್ಲಿ ಕೆಲಸವೂ ಸಿಗುತ್ತಿತ್ತು.

ಐನಾಡು ಎಂಬ ರಾಜ್ಯ. ಹೆಸರಿಗೆ ತಕ್ಕಂತೆ ಅದರಲ್ಲಿ ಐದು ನಾಡು. ಒಂದೊಂದು ನಾಡಿಗೆ ಒಬ್ಬ ಒಡೆಯ, ಅವನ ಕೈಕೆಳಗೆ ತಳವಾರರು. ಎಲ್ಲರ ಮೇಲೆ ಒಬ್ಬ ರಾಜ. ಒಂದು ನಾಡಿನಲ್ಲಿ ಕದ್ದವನು ಇನ್ನೊಂದು ನಾಡಿಗೆ ಓಡಿದರೆ ತಳವಾರರು ಗಡಿಕಲ್ಲಿನ ಬಳಿ ನಿಂತು ಬೈಯಬಹುದಿತ್ತು, ಅಷ್ಟೆ. ಅದಕ್ಕೆಂದೇ ಐದು ನಾಡೂ ಸೇರಿ ಸುಳುಹು ಪಡೆ ಕಟ್ಟಿದ್ದವು. ಆ ಪಡೆಗೆ ಗಡಿ ಇರಲಿಲ್ಲ.

ಪಡೆಯಲ್ಲಿ ಒಂದು ಮೂಸುಹುಲಿ ಇತ್ತು. ಬಿಳಿ ಬಣ್ಣ, ಎತ್ತಿನಷ್ಟು ಎತ್ತರ. ಯಾರ ಅಂಗೈ ಮೂಸಿದರೂ ಅವರು ಮಾಡಿದ ಅಪರಾಧ ಅದಕ್ಕೆ ತಿಳಿಯುತ್ತಿತ್ತು. ಅಪರಾಧವಿದ್ದರೆ ಗರ್ಜಿಸುತ್ತಿತ್ತು. ಇಲ್ಲದಿದ್ದರೆ ಆಕಳಿಸುತ್ತಿತ್ತು.

ಹುಲಿಯ ಊಟಕ್ಕೆ ಒಂದು ಕಟ್ಟಳೆ. ಐದು ನಾಡಿನಿಂದ ಸರದಿಯಂತೆ ಗಾಡಿ ಬರಬೇಕು, ಪ್ರತಿ ಸಲವೂ ಬೇರೆ ಮನೆಯಿಂದ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ನಡೆದು ಬಂದಿತ್ತು, ನಡೆಯುತ್ತಿತ್ತು.

ಪಡೆಯ ನಾಯಕಿ ಜಕ್ಕಲೆ. ಕಡಲ ದಂಡೆಯಲ್ಲಿ ಮೀನು ಒಣಗಿಸುವವರ ಮಗಳು. ಹಳೆಯ ನಾಯಕ ಗೊಗ್ಗಯ್ಯ ಒಂದು ದಿನ ಹೇಳದೆ ಕೇಳದೆ ಕಾಣೆಯಾದ. ಹೊಸ ರಾಜ ಅಜವರ್ಮ ದೊಡ್ಡ ಮನೆತನದವರನ್ನೆಲ್ಲ ಬಿಟ್ಟು ಇವಳನ್ನು ಕರೆದು ನಾಯಕತ್ವದ ಕತ್ತಿ ಕೊಟ್ಟ. "ನನಗೂ ಕೆಲಸ ಹೊಸದು, ನಿನಗೂ ಹೊಸದು. ಜೊತೆಗೇ ಕಲಿಯೋಣ" ಎಂದ. ಆ ಮಾತು ನೆನೆದರೆ ಜಕ್ಕಲೆಯ ಕಣ್ಣು ತುಂಬುತ್ತಿತ್ತು. ಇವನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದುಕೊಂಡಿದ್ದಳು.

ಅವನು ಪಟ್ಟಕ್ಕೆ ಬಂದ ವರ್ಷದ ಮಳೆಗಾಲದಲ್ಲೇ ಹೊಳೆ ಉಕ್ಕಿ ಗಾಡಿಗಳು ನಿಂತವು. ಮಂತ್ರಿ ಕೊಮ್ಮಣ ತನ್ನ ಅಡುಗೆಮನೆಯಿಂದ ಮಾಂಸದ ಹಂಡೆ ಕಳಿಸಿದ. "ಹುಲಿ ಹಸಿದಿರಬಾರದು ತಾಯಿ. ರಾಜರಿಗೆ ನಿಮ್ಮ ಮೇಲೆ ಅಷ್ಟು ಅಕ್ಕರೆ" ಎಂದ. ಹೊಳೆ ಇಳಿಯಿತು. ಹಂಡೆ ನಿಲ್ಲಲಿಲ್ಲ. ರಾಜರ ಅಕ್ಕರೆಗೆ ಬೇಡ ಎನ್ನುವುದು ಹೇಗೆಂದು ಜಕ್ಕಲೆ ಸುಮ್ಮನಾದಳು. ಗಾಡಿಯವರು ಬಂದು ಬಂದು ವಾಪಸಾದರು.

ಐನಾಡಿನ ಪದ್ಧತಿಯಂತೆ ಹೊಸ ರಾಜನನ್ನು ಎರಡನೇ ಬೇಸಿಗೆಯಲ್ಲಿ ಐವರು ಒಡೆಯರ ಸಭೆ ಒಪ್ಪಬೇಕು, ಇಲ್ಲವೇ ಇಳಿಸಬೇಕು. ಹೊಳೆನಾಡಿನ ಒಡತಿ ಮಲ್ಲಬ್ಬೆ ಮಾತ್ರ ಊರೂರಿಗೆ ಹೋಗಿ, "ಹುಡುಗನಿಗೆ ಕಿವಿ ಇದೆ, ಆದರೆ ಅದು ಕೊಮ್ಮಣನ ಜೇಬಿನಲ್ಲಿದೆ" ಎಂದು ಸಾರುತ್ತಿದ್ದಳು.

ಕೊಮ್ಮಣ ಜಕ್ಕಲೆಯನ್ನು ಕರೆಸಿದ. "ಮಲ್ಲಬ್ಬೆ ರಾಜದ್ರೋಹಿ. ಹಿಡಿದು ತಾ. ಇದು ಅಪ್ಪಣೆ."

"ಹುಲಿ ಮೂಸಲಿ, ಆಮೇಲೆ ಹಿಡಿಯುತ್ತೇನೆ" ಎಂದಳು ಜಕ್ಕಲೆ.

ಹೊಳೆನಾಡಿಗೆ ಹೋದಳು. ಮಲ್ಲಬ್ಬೆ ಅಂಗೈ ಚಾಚಿ, "ಈಗಷ್ಟೇ ಬೆಳ್ಳುಳ್ಳಿ ಸುಲಿದಿದ್ದೇನೆ. ಅದನ್ನೇ ದ್ರೋಹ ಅಂದುಕೊಂಡೀತು ನೋಡವ್ವ" ಎಂದಳು.

ಹುಲಿ ಮೂಸಿತು. ಬಾಯಿ ಅಗಲಿಸಿ ಆಕಳಿಸಿತು. ಜಕ್ಕಲೆ ಬರಿಗೈಯಲ್ಲಿ ಮರಳಿದಳು.

ಎರಡನೇ ಸಲ ಕೊಮ್ಮಣ ನಗುನಗುತ್ತ ಬಂದ. "ನಿನ್ನ ಊರಿನ ಮೀನಿಗೆ ಇನ್ನು ಸುಂಕವಿಲ್ಲ. ರಾಜರು ಬಿಟ್ಟರು. ಈಗಲಾದರೂ ಆ ಮುದುಕಿಯನ್ನು ಹಿಡಿ."

"ನನ್ನೂರಿನವರು ಸಂತೋಷಪಡುತ್ತಾರೆ. ರಾಜರಿಗೆ ಕೈಮುಗಿದೆ ಅಂತ ಹೇಳಿ. ಆದರೆ ಹುಲಿ ಆಕಳಿಸಿದೆ."

ಮೂರನೇ ಸಲ ರಾಜನೇ ಬಂದ. ಕಿರೀಟವಿಲ್ಲ, ಪರಿವಾರವಿಲ್ಲ. ಹುಲಿಯ ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತ.

"ಜಕ್ಕಲೆ, ನಿನಗೆ ಕತ್ತಿ ಕೊಟ್ಟವನು ನಾನು. ಸಭೆ ಮುಗಿಯುವ ತನಕ ಅವಳನ್ನು ಎಲ್ಲಾದರೂ ಕೂಡಿಡು. ಆಮೇಲೆ ಬಿಟ್ಟುಬಿಡು. ನನಗಾಗಿ ಇದೊಂದು ಮಾಡಲಾರೆಯಾ?"

ಜಕ್ಕಲೆ ಕೈಮುಗಿದಳು. "ಬೈದವರನ್ನು ಹಿಡಿಯುವ ಪಡೆ ನಿಮ್ಮ ಕೈಯಲ್ಲಿದೆ ಅಂತ ಜನಕ್ಕೆ ಗೊತ್ತಾದರೆ, ನಾಳೆ ನಿಜವಾದ ಕಳ್ಳನನ್ನು ಹಿಡಿದರೂ ಯಾರೂ ನಂಬುವುದಿಲ್ಲ ದೊರೆ. ನಿಮ್ಮ ಋಣ ನನ್ನ ಮೇಲಿದೆ. ಅದಕ್ಕೇ ಆಗುವುದಿಲ್ಲ ಅನ್ನುತ್ತಿದ್ದೇನೆ."

"ಹಾಗಾದರೆ ಸಭೆಯ ದಿನ ಕತ್ತಿ ತಂದು ಒಪ್ಪಿಸು" ಎಂದು ರಾಜ ಎದ್ದು ಹೋದ.

ಮರುದಿನ ಮಲ್ಲಬ್ಬೆ ಕಾಣೆಯಾದಳು.

ಹೊಳೆನಾಡಿನ ಜನ ಅರಮನೆಯ ಬಾಗಿಲಿಗೆ ಬಂದು ಕೂತರು. "ನಮ್ಮ ಒಡತಿಯನ್ನು ರಾಜ ನುಂಗಿದ" ಎಂದು ಕೂಗಿದರು. ಕೊಮ್ಮಣನ ಮೇಲೆ ದೂರು ಕೊಟ್ಟ ಇನ್ನೂ ಎಷ್ಟೋ ಮಂದಿ ಹೀಗೇ ಕಾಣೆಯಾದ ಸುದ್ದಿ ಆಗ ಹೊರಬಿತ್ತು. ಜಕ್ಕಲೆ ಹುಲಿಯೊಂದಿಗೆ ನೇರ ಅರಮನೆಗೆ ನಡೆದಳು.

"ಎಲ್ಲರೂ ಅಂಗೈ ಚಾಚಿ."

ರಾಜ ಸಿಂಹಾಸನದಿಂದ ಕೇಳಿದ. "ನನ್ನದೂ?"

"ನಿಮ್ಮದೂ ದೊರೆ."

ರಾಜ ಕೆಂಪಗಾದ. ಆದರೂ ಇಳಿದು ಬಂದು ಕೈ ಚಾಚಿದ. ಹುಲಿ ಮೂಸುವಾಗ ಜಕ್ಕಲೆ ಹಗ್ಗ ಕೈಗೆತ್ತಿಕೊಂಡಳು. ಅದು ಗರ್ಜಿಸಿದರೆ, ತನಗೆ ಬದುಕು ಕೊಟ್ಟವನ ಕೈಗೆ ತಾನೇ ಹಗ್ಗ ಬಿಗಿಯಬೇಕು.

ಹುಲಿ ಆಕಳಿಸಿತು.

ಆಮೇಲೆ ಕೊಮ್ಮಣನ ಸರದಿ. ಹುಲಿ ಅವನ ಕೈಯ ಮುಂದೆ ಹಾದುಹೋಯಿತು. ಗರ್ಜಿಸಲಿಲ್ಲ. "ನೋಡಿದಿರಾ? ನಾನು ಶುದ್ಧ" ಎಂದು ಅವನು ನಕ್ಕ.

ಆದರೆ ಹುಲಿ ಆಕಳಿಸಲೂ ಇಲ್ಲ. ಅಲ್ಲಿ ಗೋಡೆಯೊಂದು ನಿಂತಿದೆಯೇನೋ ಎಂಬಂತೆ ದಾಟಿತ್ತು.

ಜಕ್ಕಲೆ ಕಟ್ಟೆಗೆ ಮರಳಿ ಒಂದು ಪರೀಕ್ಷೆ ಮಾಡಿದಳು. ಅಗಸನ ಮನೆಯಿಂದ ಹಲವರ ಬಟ್ಟೆ ತರಿಸಿ ಹುಲಿಯ ಮುಂದೆ ಸಾಲಾಗಿ ಇಟ್ಟಳು. ಹುಲಿ ಒಂದೊಂದನ್ನೂ ಮೂಸಿತು. ಕೊಮ್ಮಣನ ಶಲ್ಯವನ್ನು ಮಾತ್ರ ತುಳಿದುಕೊಂಡು ಹೋಯಿತು. ಅದರ ಜಾಗ ಬದಲಿಸಿದಳು. ಆಗಲೂ ತುಳಿದೇ ಹೋಯಿತು.

ಅವಳಿಗೆ ತನ್ನ ಊರು ನೆನಪಾಯಿತು. ಹೊರಗಿನವರು ಊರಿನ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಊರಿನವರಿಗೆ ಒಣಮೀನಿನ ವಾಸನೆ ಇದೆ ಎಂಬುದೇ ಗೊತ್ತಿರಲಿಲ್ಲ. ದಿನವೂ ಇರುವ ವಾಸನೆ ಮೂಗಿಗೆ ತಿಳಿಯುವುದಿಲ್ಲ. ದಿನವೂ ಉಣಿಸುವ ಕೈಯ ವಾಸನೆ ಹುಲಿಗೆ ತಿಳಿಯುವುದಿಲ್ಲ. ಕಟ್ಟಳೆ ಇದ್ದದ್ದು ಇದಕ್ಕೆ!

ಅವಳು ಮಾಂಸದ ಹಂಡೆಯನ್ನು ತಿರುಗಿಸಿ ಕಳಿಸಿ, ಅರಮನೆಯ ಬಾಗಿಲಿಗೆ ಬಂದಳು. "ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಬೇಡ ಅಂದವಳು ನಾನು. ತಪ್ಪಾಯಿತು. ಹುಲಿ ನಿಮ್ಮದು. ಅದಕ್ಕೆ ಊಟ ಹಾಕಿ."

ಒಬ್ಬ ಮುದುಕ ಎದ್ದು ತನ್ನ ಬುತ್ತಿ ಬಿಚ್ಚಿದ. "ರೊಟ್ಟಿ ತಿನ್ನುತ್ತಾ ಇದು?"

"ಹಸಿದಿದೆ ಅಜ್ಜಾ, ತಿನ್ನುತ್ತದೆ."

ಹುಲಿ ತಿಂದಿತು. ಸುದ್ದಿ ಹಬ್ಬಿ ಐದು ನಾಡಿನಿಂದಲೂ ಗಾಡಿಗಳು ಬಂದವು. ಕೋಳಿ ಬಂತು, ಹೊಳೆಮೀನು ಬಂತು, ಜಕ್ಕಲೆಯ ಊರಿನಿಂದ ಒಣಮೀನೂ ಬಂತು. ತಾನು ವಾಪಸು ಕಳಿಸಿದವರೇ ಮತ್ತೆ ಹೊತ್ತು ತಂದರಲ್ಲ ಎಂದು ಅವಳು ಒಬ್ಬೊಬ್ಬರಿಗೂ ಕೈಮುಗಿದಳು. ಸಭೆಯ ದಿನದವರೆಗೂ ಒಂದು ಮನೆ ಎರಡು ಸಲ ಉಣಿಸಲಿಲ್ಲ.

ಸಭೆ ಸೇರಿತು. ಜಕ್ಕಲೆ ಕತ್ತಿಯನ್ನು ರಾಜನ ಪಾದದ ಬಳಿ ಇಟ್ಟು, "ಒಪ್ಪಿಸಿದ್ದೇನೆ ದೊರೆ. ಹೋಗುವ ಮೊದಲು ಹುಲಿ ಇನ್ನೊಮ್ಮೆ ಮೂಸಲಿ" ಎಂದಳು.

ಕೊಮ್ಮಣ ಧೈರ್ಯವಾಗಿ ಅಂಗೈ ಚಾಚಿದ. ಹುಲಿ ನಿಂತಿತು. ಮೂಸಿತು. ಅದರ ಗರ್ಜನೆಗೆ ಅರಮನೆಯ ಹೆಂಚು ಹಾರಿದವು. ಮಾಟ ಬಲ್ಲ ಕೊಮ್ಮಣ ಮಂತ್ರ ಹೇಳುತ್ತ ಹದ್ದಾಗಿ ಮೇಲೆದ್ದ. ಹುಲಿ ನೆಗೆದು ನೆಲದ ಮೇಲಿದ್ದ ಅವನ ನೆರಳಿನ ಮೇಲೆ ಪಂಜ ಊರಿತು. ಹದ್ದು ಧೊಪ್ಪನೆ ಬಿದ್ದು ಮತ್ತೆ ಕೊಮ್ಮಣನಾಯಿತು. ಮಂತ್ರ ಅವನ ಬಾಯಿಂದ ಹೊಗೆಯಾಗಿ ಹೋಯಿತು.

ಅದೇ ಗಳಿಗೆಯಲ್ಲಿ ಅರಮನೆಯ ತೋಟದ ನವಿಲುಗಳೆಲ್ಲ ಮನುಷ್ಯರಾದವು. ಅವರ ಮುಂದೆ ಮಲ್ಲಬ್ಬೆ, ಸೊಂಟ ಹಿಡಿದುಕೊಂಡು. "ಗಂಡು ನವಿಲು ಮಾಡಿದ್ದ ಪಾಪಿ! ಆ ಬಾಲ ಹೊತ್ತು ಹೊತ್ತು ನಡು ಬಿದ್ದುಹೋಯಿತು." ಅವಳ ಹಿಂದೆ ಹಳೆಯ ನಾಯಕ ಗೊಗ್ಗಯ್ಯ.

ಜಕ್ಕಲೆ ಕತ್ತಿ ಎತ್ತಿ ಅವನ ಕಡೆ ಹಿಡಿದಳು. "ಇದು ನಿಮ್ಮದು ಅಯ್ಯಾ."

"ರಾಜನ ಅಂಗೈ ಮೂಸಿಸಿದೆಯಂತೆ, ತೋಟದಲ್ಲಿ ಆಳುಗಳ ಮಾತು ಕೇಳಿದೆ. ನನಗೆ ಆ ಧೈರ್ಯ ಬಂದಿರಲಿಲ್ಲ ಮಗಳೇ. ನೀನೇ ಇಟ್ಟುಕೋ" ಎಂದ ಗೊಗ್ಗಯ್ಯ.

ಅಜವರ್ಮ ಸಿಂಹಾಸನ ಬಿಟ್ಟು ಕೆಳಗೆ ಬಂದ. "ಆವತ್ತು ನೀನು ಹೂಂ ಅಂದಿದ್ದರೆ ನಾನೂ ಈ ಕೊಮ್ಮಣನ ಪಕ್ಕದಲ್ಲಿ ನಿಲ್ಲಬೇಕಿತ್ತು. ನಾನು ಕತ್ತಿ ಕೊಟ್ಟೆ. ನೀನು ನನ್ನ ಮಾನ ಉಳಿಸಿಕೊಟ್ಟೆ" ಎಂದು ಎಲ್ಲರ ಮುಂದೆ ಅವಳಿಗೆ ಕೈಮುಗಿದ. ಮಲ್ಲಬ್ಬೆಯ ಕಡೆ ತಿರುಗಿ, "ನಿಮ್ಮನ್ನು ಹಿಡಿಯಲು ಹೇಳಿದ್ದು ನಾನೇ. ತಪ್ಪಾಯಿತು. ಇಳಿಸುವುದಾದರೆ ಇಳಿಸಿ" ಎಂದ.

"ಕಿವಿ ವಾಪಸು ಬಂದ ಹಾಗಿದೆ. ಇರಲಿ, ಕೂತುಕೊಳ್ಳಪ್ಪ" ಎಂದಳು ಮಲ್ಲಬ್ಬೆ. ಉಳಿದ ನಾಲ್ವರು ಒಡೆಯರೂ ನಗುತ್ತ ಒಪ್ಪಿದರು.

ಕೊಮ್ಮಣ ಸೆರೆಮನೆ ಸೇರಿದ. ಕಾಣೆಯಾದವರು ಮನೆ ಸೇರಿದರು. ಮನೆಯವರು ಸುಳುಹು ಪಡೆಗೆ ಹೋಳಿಗೆ ಕಳಿಸಿದರು, ಹುಲಿಗೂ ಒಂದು ಬುಟ್ಟಿ. ಇನ್ನು ಮುಂದೆ ಪಟ್ಟಕ್ಕೆ ಬರುವವರೆಲ್ಲ ಮೊದಲು ಹುಲಿಗೆ ಅಂಗೈ ಚಾಚಬೇಕು ಎಂದು ಅಜವರ್ಮನೇ ಶಾಸನ ಹಾಕಿಸಿದ. ಐನಾಡಿನ ಜನ ಹೊಟ್ಟೆ ತುಂಬ ಉಂಡು, ಬೇಕಾದಾಗ ರಾಜನನ್ನು ಬೈದು, ನೆಮ್ಮದಿಯಾಗಿ ನಿದ್ದೆ ಮಾಡಿದರು. ಜಕ್ಕಲೆ ತಲೆ ನೆರೆಯುವ ತನಕ ನಾಯಕಿಯಾಗಿದ್ದಳು. ಅವಳ ಕಾಲದಲ್ಲಿ ಹುಲಿ ಮೂಸಿದ ರಾಜರು ಅಜವರ್ಮನೂ ಸೇರಿ ನಾಲ್ವರು.