ಮುತ್ಯಾಲಮ್ಮನ ಹೆಸರಿನ ಎರಡು ಅಲೆಗಳು

ಫೈಲಿನಲ್ಲಿ ಎರಡು ಹಾಳೆ. ಹೆಸರು ಒಂದೇ — ಮುತ್ಯಾಲಮ್ಮ. ಅವರಿಗೆ ಐವತ್ತೆಂಟು ವರ್ಷ, ಚಾಮರಾಜಪೇಟೆಯಲ್ಲಿ ಸೊಪ್ಪಿನ ವ್ಯಾಪಾರ. ಅವರ ಅಣ್ಣನ ಕಣ್ಣು, ನರ ಸೊರಗಿಸುವ ಗ್ಲಾಕೋಮಾದಿಂದ ಹೋಗಿತ್ತು; ಅದಕ್ಕೇ ನಮ್ಮ ಕಣ್ಣಾಸ್ಪತ್ರೆಯಲ್ಲಿ ಈ ಪರೀಕ್ಷೆ. 2004ರ ಮಾತು. ಪರದೆಯ ಮೇಲೆ ಅದಲುಬದಲಾಗುವ ಕಪ್ಪುಬಿಳಿ ಚೌಕಗಳನ್ನು ನೋಡುವಾಗ ಅಕ್ಷಿಪಟಲದಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ರೆಪ್ಪೆಯ ಬಳಿಯ ತಂತಿ ಹಿಡಿಯುತ್ತದೆ, ಮಿಷಿನ್ನು ಅಲೆಯಾಗಿ ಬರೆಯುತ್ತದೆ. ಮೂರು ವಾರದ ಹಿಂದಿನ ಅಲೆ ಕುಳ್ಳ, ಅಂದರೆ ನರ ಸೊರಗುತ್ತಿದೆ. ಇವತ್ತು ಖಚಿತ ಮಾಡಿಕೊಳ್ಳಲು ಡಾಕ್ಟರ್ ಗಿರಿಜಾಂಬಾ ಮುತ್ಯಾಲಮ್ಮನನ್ನು ಕೂರಿಸಿ ತಾವೇ ತೆಗೆದದ್ದು — ಎತ್ತರ!

"ಸೊರಗಿದ ನರ ಮೂರೇ ವಾರಕ್ಕೆ ಚಿಗುರುತ್ತಾ, ಪ್ರೇಮಲತಾ?" ಎಂದು ಕೇಳಿದರು. ಪ್ರೇಮಲತಾ ಅಂದರೆ ನಾನು, ಬಂದವರ ಹೆಸರು ಕೇಳಿ ಚೀಟಿ ಬರೆಯುವವಳು.

"ಮಿಷಿನ್ನು ಕೆಟ್ಟಿರ್ಬೇಕು, ಮೇಡಂ."

"ಇಲ್ಲಾ ಯಾರೋ ಸುಳ್ಳು ಹೇಳ್ತಿದಾರೆ. ಯಾರದೋ ಕಣ್ಣು ಹೋಗ್ತಿದೆ. ಯಾರದು?"

ನನ್ನ ಅನುಮಾನ ಟೆಕ್ನಿಷಿಯನ್ ರಾಮಾನುಜನ ಮೇಲೆ. ವಯಸ್ಸಾದವರಿಗೆ ಓದುವ ಕನ್ನಡಕ ಹಾಕಿಸದಿದ್ದರೆ ಚೌಕಗಳು ಮಸುಕಾಗಿ ಅಲೆ ಕುಗ್ಗುತ್ತದೆ. ಅವನ ಹಾಳೆಯಲ್ಲೇ ಇತ್ತು — 'ಕನ್ನಡಕ: ಇಲ್ಲ.'

"ಕನ್ನಡಕ ಹಾಕ್ಸೋದು ಮರೆತ್ಯೇನಪ್ಪಾ?" ಡಾಕ್ಟರ್ ಅವನನ್ನು ಕರೆದು ಕೇಳಿದರು.

"ಇಲ್ಲ ಮೇಡಂ! ಪರದೆ ಇರೋ ದೂರದಲ್ಲಿ ಮೊದ್ಲು ಸಣ್ಣಕ್ಷರ ಓದಿಸ್ತೀನಿ. ಆಯಮ್ಮ ಬರಿಗಣ್ಣಲ್ಲಿ ಕೊನೇ ಸಾಲು ಪಟಪಟ ಓದಿದ್ರು. ಬರ್ದಿದೀನಿ, ನೋಡಿ."

"ಮುಖ ನೆನಪಿದ್ಯಾ?"

"ನಾನು ಕಣ್ಣು ನೋಡ್ತೀನಿ, ತಂತಿ ನೋಡ್ತೀನಿ. ಪ್ರೇಮಕ್ಕನ ಚೀಟೀಲಿ ವಯಸ್ಸೂ ಇರಲ್ಲ."

ತಪ್ಪು ತಿರುಗಿ ನನ್ನ ತಲೆಗೇ ಬಂತು!

ಹೊರಗೆ ಬೆಂಚಿನಲ್ಲಿದ್ದ ಮುತ್ಯಾಲಮ್ಮನನ್ನೂ ಅವರ ಮಗಳು ಧನಲಕ್ಷ್ಮಿಯನ್ನೂ ಡಾಕ್ಟರ್ ಒಳಗೆ ಕರೆಸಿದರು.

"ಕನ್ನಡಕ ತೆಗ್ದು ಈ ಕಾರ್ಡ್ ಓದಿ."

"ಅಯ್ಯೋ, ಕನ್ನಡಕ ಇಲ್ದಿದ್ರೆ ಕೊತ್ತಂಬ್ರಿ ಯಾವ್ದು, ಪುದೀನ ಯಾವ್ದು ಅಂತ ಮೂಸಿ ನೋಡ್ಬೇಕು ಕಣಮ್ಮಾ!"

ಡಾಕ್ಟರ್ ನಗಲಿಲ್ಲ. "ಬರಿಗಣ್ಣಲ್ಲಿ ಕೊನೇ ಸಾಲು ಓದಿದೋರು ಇವ್ರಲ್ಲ. ಅವತ್ತು ಕೂತಿದ್ದು ಎಳೇ ಕಣ್ಣು. ನೀನೇ ಅಲ್ವಾ, ಧನಲಕ್ಷ್ಮಿ?"

ಹುಡುಗಿ ತಲೆ ತಗ್ಗಿಸಿದಳು. "ಕಣ್ಣಿಗೆ ಕರೆಂಟ್ ಕೊಡ್ತಾರೆ ಅಂತ ಮಾರ್ಕೆಟ್ಟಲ್ಲಿ ಯಾರೋ ಹೆದರ್ಸಿದ್ರು, ಮೇಡಂ. ಅಮ್ಮ ಬಾಗ್ಲಿಂದಾನೇ ಓಡಿಹೋದ್ರು. ಪರೀಕ್ಷೆ ಮಾಡ್ಸದೆ ಹೋದ್ರೆ ನನ್ನಣ್ಣ ಬೈತಾನೆ ಅಂತ ಅಮ್ಮನ ಹೆಸ್ರಲ್ಲಿ ನಾನ್ ಕೂತೆ."

"ಕರೆಂಟ್ ನಾವು ಕೊಡಲ್ಲಮ್ಮ. ಕಣ್ಣಲ್ಲಿ ಹುಟ್ಟೋದನ್ನ ಅಳೀತೀವಿ, ಅಷ್ಟೇ."

"ಹಂಗಾದ್ರೆ ನನ್ ಕಣ್ಣು ಸರಿ ಐತೆ!" ಮುತ್ಯಾಲಮ್ಮ ಮಗಳ ಬೆನ್ನಿಗೊಂದು ಗುದ್ದಿದರು. "ಕಳ್ಳಿ!"

ನಾನೂ ನಕ್ಕೆ. ಡಾಕ್ಟರ್ ಕುಳ್ಳ ಅಲೆಯ ಹಾಳೆಯಲ್ಲಿ ತಾಯಿಯ ಹೆಸರು ಹೊಡೆದು ಮಗಳ ಹೆಸರು ಬರೆಯುತ್ತಿದ್ದರು. ನಗು ಅಲ್ಲೇ ನಿಂತಿತು.

"ನಂಗೆ ಎಲ್ಲಾ ಚೆನ್ನಾಗ್ ಕಾಣ್ಸುತ್ತಲ್ಲ, ಮೇಡಂ?"

"ಕಾಣ್ಸುತ್ತೆ. ಅದಕ್ಕೇ ನಿನ್ನನ್ನ ಯಾರೂ ಪರೀಕ್ಷೆ ಮಾಡ್ತಿರ್ಲಿಲ್ಲ. ನರ ಸೊರಗೋದು ಈಗ ತಾನೇ ಶುರು ಆಗಿರ್ಬಹುದು. ಈಗ್ಲೇ ಹಿಡಿದ್ರೆ ಉಳಿಸ್ಕೋಬಹುದು. ರಾಮಾನುಜ, ಇನ್ನೊಂದ್ಸಲ ತಂತಿ ಹಾಕು."

ಧನಲಕ್ಷ್ಮಿ ಕದಲಲಿಲ್ಲ. ಮುತ್ಯಾಲಮ್ಮನೇ ಅವಳ ಕೈ ಹಿಡಿದು ಮಿಷಿನ್ನಿನ ಕುರ್ಚಿಯವರೆಗೆ ನಡೆಸಿಕೊಂಡು ಹೋದರು.

"ಕೂತ್ಕೊಳೆ. ನೋವಾಗಲ್ಲ. ನಾನ್ ಈಗ ಕೂತು ಎದ್ ಬಂದಿಲ್ವಾ?"